ಹತ್ತಕ್ಕೆ ಎಷ್ಟು ನೋವು?

ಬ್ಲಾಗಿನ ಕಡೆ ತಲೆ ಹಾಕದೆ ಬಹಳ ದಿನ ಆಯ್ತು. ಒಂದಿಬ್ಬರು ಗೆಳೆಯರು "ಏನ್ ಮಾರಾಯ, ಹೇಗಿದೀಯ? ಬರೆಯೋದೇ ಬಿಟ್ಯಾ?" ಅಂತ ಮೇಲ್ ಮಾಡಿದ್ದರು. "ನಡೀತಿದೆ" ಅಂತ ಒಂದೇ ಪದದ ಉತ್ತರ ಕಳಿಸಿದೆ. ಕಳಿಸಿದ ಮೇಲೆ ನನಗೇ ನಗು ಬಂತು. ಏನು ನಡೀತಿದೆ? ಯಾರು ನಡೆಸ್ತಿದಾರೆ?

"ಹೇಗಿದ್ದೀರ?" ಅನ್ನೋ ಪ್ರಶ್ನೆಗೆ ನಮ್ಮಲ್ಲಿ ಎಂಥೆಂಥ ಉತ್ತರಗಳಿವೆ ನೋಡಿ. "ಪರವಾಗಿಲ್ಲ." "ಹಿಂಗೇ." "ನಡೀತಿದೆ." "ನಿಮ್ಮ ಆಶೀರ್ವಾದ." "ಏನೋ, ಇದೀವಿ." ಇದರಲ್ಲಿ ಯಾವುದಕ್ಕೆ ಎಷ್ಟು ಮಾರ್ಕ್ಸು ಕೊಡ್ತೀರಿ? "ಪರವಾಗಿಲ್ಲ" ಅಂದರೆ ಹತ್ತಕ್ಕೆ ಐದಾ, ಏಳಾ? ನಮ್ಮಜ್ಜ ವಾರದಿಂದ ಜ್ವರದಲ್ಲಿ ಮಲಗಿದ್ದಾಗಲೂ ಬಂದವರಿಗೆ "ಪರವಾಗಿಲ್ಲ" ಅಂತಲೇ ಹೇಳ್ತಿದ್ದರು. ಮೊಮ್ಮಗಳ ಮದುವೆಯ ದಿನ ಹೊಸ ಪಂಚೆ ಉಟ್ಟು ಕೂತಾಗಲೂ ಅದನ್ನೇ ಹೇಳಿದ್ದರು. ಪದ ಒಂದೇ. ಎರಡರ ನಡುವಿನ ವ್ಯತ್ಯಾಸ ಗೊತ್ತಾಗಬೇಕಿದ್ದರೆ ಅವರ ಮುಖ ನೋಡಬೇಕಿತ್ತು, ಇಲ್ಲವೇ ಅಜ್ಜಿಯನ್ನ ಕೇಳಬೇಕಿತ್ತು.

ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದರೆ, ಮೂರು ವರ್ಷದ ಹಿಂದೆ ನನ್ನ ಸೋದರತ್ತೆಗೆ ಕ್ಯಾನ್ಸರ್ ಅಂತ ಗೊತ್ತಾಗಿ, ತೀರ್ಥಹಳ್ಳಿ ಕಡೆಯಿಂದ ಬೆಂಗಳೂರಿಗೆ ಬಂದು ಚಿಕಿತ್ಸೆ ತಗೊಂಡರು. ನಾನು ಬೆಂಗಳೂರಿನಲ್ಲೇ ಇರೋದರಿಂದ ಆಸ್ಪತ್ರೆಗೆ ಕರಕೊಂಡು ಹೋಗೋದು ಬರೋದು ಹೆಚ್ಚಾಗಿ ನನ್ನ ಪಾಲಿಗೆ ಬಂತು. ಆ ಒಂದೂವರೆ ವರ್ಷದಲ್ಲಿ ಅತ್ತೆಗೆ ಯಾರಾದರೊಬ್ಬರು "ಹೇಗಿದೀರಮ್ಮ?" ಅಂತ ಕೇಳಿದ್ದು ಎಷ್ಟು ಸಲವೋ. ಒಮ್ಮೊಮ್ಮೆ ಬಾಯಲ್ಲಿ, ಒಮ್ಮೊಮ್ಮೆ ಫಾರಂನಲ್ಲಿ, ಒಮ್ಮೊಮ್ಮೆ ಗೋಡೆಗೆ ಅಂಟಿಸಿದ ಚಿತ್ರ ತೋರಿಸಿ. ಕಾಯೋ ಬೆಂಚಿನ ಮೇಲೆ ಕೂತು ಮಾಡೋಕೆ ಬೇರೆ ಕೆಲಸ ಇಲ್ಲದೆ, ಈ ಕೇಳೋ ಕೆಲಸ ಎಲ್ಲಿಂದ ಶುರುವಾಯ್ತು ಅಂತ ಮೊಬೈಲಿನಲ್ಲಿ ಓದ್ತಾ ಹೋದೆ. ಓದಿದ್ದು, ನೋಡಿದ್ದು ಎರಡನ್ನೂ ಸೇರಿಸಿ ಇಲ್ಲಿ ಹಾಕ್ತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಕೂತ್ಕೊಳ್ಳಿ :-)

ಜ್ವರ ಅಳೆಯೋಕೆ ಥರ್ಮಾಮೀಟರ್ ಇದೆ. ಬಿಪಿಗೆ ತೋಳಿಗೆ ಕಟ್ಟೋ ಪಟ್ಟಿ ಇದೆ. ಸಕ್ಕರೆಗೆ ಒಂದು ಹನಿ ರಕ್ತ ಸಾಕು. ಆದರೆ "ಚೆನ್ನಾಗಿರೋದು" ಅನ್ನೋದನ್ನ ಅಳೆಯೋಕೆ? 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ, ಆರೋಗ್ಯ ಅಂದರೆ ಬರೀ ರೋಗ ಇಲ್ಲದಿರೋದಲ್ಲ, ದೇಹ, ಮನಸ್ಸು, ಸಮಾಜ ಮೂರರಲ್ಲೂ ಪೂರ್ತಿ ಕ್ಷೇಮವಾಗಿರೋದು ಅಂತ ಬರೆದುಬಿಡ್ತು. ಬರೆಯೋದೇನೋ ಸುಲಭ. ಅಳೆಯೋದು ಹೇಗೆ ಅಂತ ಆಗ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಅದೇ 1948ರಲ್ಲಿ ಅಮೆರಿಕದ ಡಾ. ಡೇವಿಡ್ ಕರ್ನಾಫ್ಸ್ಕಿ ಮತ್ತು ಸಂಗಡಿಗರು ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ನೈಟ್ರೋಜನ್ ಮಸ್ಟರ್ಡ್ ಅನ್ನೋ ಔಷಧಿ ಕೊಟ್ಟು ನೋಡ್ತಿದ್ದರು. ಗಡ್ಡೆ ಕುಗ್ಗಿತಾ ಇಲ್ಲವಾ ಅನ್ನೋದು ಎಕ್ಸ್‌ರೇಯಲ್ಲಿ ಕಾಣುತ್ತೆ. ಮನುಷ್ಯ ಸುಧಾರಿಸಿದನಾ? ಅದಕ್ಕೆ ಅವರು ನೂರರಿಂದ ಸೊನ್ನೆವರೆಗೆ ಹತ್ತು ಹತ್ತರ ಮೆಟ್ಟಿಲು ಮಾಡಿದರು. ನೂರು ಅಂದರೆ ಯಾವ ತೊಂದರೆಯೂ ಇಲ್ಲ. ಎಪ್ಪತ್ತು ಅಂದರೆ ತನ್ನ ಕೆಲಸ ತಾನು ಮಾಡಿಕೊಳ್ತಾನೆ, ಆದರೆ ದುಡಿಯೋಕೆ ಆಗಲ್ಲ. ಐವತ್ತು ಅಂದರೆ ಇನ್ನೊಬ್ಬರ ಸಹಾಯ ಸಾಕಷ್ಟು ಬೇಕು. ಸೊನ್ನೆ ಅಂದರೆ.. ಸೊನ್ನೆ. ಇಂದಿಗೂ ಕ್ಯಾನ್ಸರ್ ವಾರ್ಡುಗಳಲ್ಲಿ ಈ ಮೆಟ್ಟಿಲು ಬಳಕೆಯಲ್ಲಿದೆ.

ನಾಲ್ಕು ವರ್ಷದ ನಂತರ, 1952ರಲ್ಲಿ, ಡಾ. ವರ್ಜೀನಿಯಾ ಆಪ್ಗರ್ ಆಗತಾನೆ ಹುಟ್ಟಿದ ಮಗುವಿಗೆ ಮಾರ್ಕ್ಸ್ ಕೊಡೋ ಪದ್ಧತಿ ತಂದರು. ಮೈಬಣ್ಣ, ನಾಡಿ, ಕೆಣಕಿದರೆ ಮುಖ ಸಿಂಡರಿಸೋದು, ಕೈಕಾಲಿನ ಬಿಗಿ, ಉಸಿರು. ಒಂದೊಂದಕ್ಕೆ ಎರಡೆರಡು, ಒಟ್ಟು ಹತ್ತು. ನಮ್ಮಲ್ಲಿ ಹೆಚ್ಚಿನವರು ಕಣ್ಣು ಬಿಡೋಕೆ ಮುಂಚೆಯೇ ಒಂದು ಪರೀಕ್ಷೆ ಪಾಸಾಗಿದೀವಿ ಅಂತಾಯ್ತು.

ಇವೆರಡರಲ್ಲಿ ಒಂದು ಸಾಮ್ಯ ಇದೆ, ಗಮನಿಸಿದಿರಾ? ಎರಡರಲ್ಲೂ ಮಾರ್ಕ್ಸ್ ಹಾಕೋರು ನೋಡೋರು, ಅನುಭವಿಸೋರಲ್ಲ. ಮಗುವಿಗೆ ಮಾತು ಬರಲ್ಲ, ಸರಿ. ಆದರೆ ಅರವತ್ತು ವರ್ಷದ ಹೆಂಗಸಿಗೆ ಮಾತು ಬರುತ್ತಲ್ಲ? ಅವಳನ್ನೇ ಕೇಳಬಹುದಲ್ಲ?

ಕೇಳೋಕೆ ಹೊರಟವರಲ್ಲಿ ನನಗೆ ತುಂಬ ಇಷ್ಟವಾದವರು ಕೆನಡಾದ ರೊನಾಲ್ಡ್ ಮೆಲ್ಜ್ಯಾಕ್. ಇವರು ಮನಶ್ಶಾಸ್ತ್ರಜ್ಞ. ಚಿಕ್ಕ ವಯಸ್ಸಿನಲ್ಲಿ ಒಂದು ನೋವಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡ್ತಿದ್ದಾಗ, ಸಕ್ಕರೆ ಕಾಯಿಲೆಯಿಂದ ಕಾಲು ಕಳಕೊಂಡ ಒಬ್ಬ ವೃದ್ಧೆ ಇಲ್ಲದ ಕಾಲಿನ ನೋವನ್ನ ವರ್ಣಿಸೋ ರೀತಿ ಕೇಳಿ ಬೆರಗಾಗಿ, ಆಕೆ ಬಳಸಿದ ಪದಗಳನ್ನ ಬರೆದಿಟ್ಟುಕೊಳ್ಳೋಕೆ ಶುರು ಮಾಡಿದರಂತೆ. ಆಮೇಲೆ ಬೇರೆ ರೋಗಿಗಳ ಪದಗಳು ಸೇರಿದವು. 1975ರಲ್ಲಿ ಅದು ಮೆಕ್‌ಗಿಲ್ ನೋವಿನ ಪ್ರಶ್ನಾವಳಿ ಅಂತ ಪ್ರಕಟವಾಯ್ತು. ಅದರಲ್ಲಿ 20 ಗುಂಪು, 78 ಪದ. ಎಲ್ಲವೂ ನೋವಿನ ಬಗೆಗಳು!

78 ಅಂತ ಓದಿ ನಾನು ನಮ್ಮ ಕನ್ನಡದಲ್ಲಿ ಎಷ್ಟಿರಬಹುದು ಅಂತ ಅಲ್ಲೇ ಲೆಕ್ಕ ಹಾಕ್ತಾ ಕೂತೆ. ತಲೆ ಸಿಡಿಯುತ್ತೆ. ಹಲ್ಲು ಜುಮ್ಮೆನ್ನುತ್ತೆ. ಸೊಂಟ ಚಳುಕು ಹಿಡಿಯುತ್ತೆ. ಕತ್ತು ಉಳುಕುತ್ತೆ. ಕಾಲು ಸೆಳೆಯುತ್ತೆ, ಜೋಮು ಹಿಡಿಯುತ್ತೆ. ಹೊಟ್ಟೆ ಹಿಂಡುತ್ತೆ, ನುಲಿಯುತ್ತೆ, ತೊಳಸುತ್ತೆ, ಕಿವುಚಿದ ಹಾಗಾಗುತ್ತೆ. ಎದೆ ಹಿಡಿದುಕೊಳ್ಳುತ್ತೆ. ಕಣ್ಣು ಚುಚ್ಚುತ್ತೆ. ಅಂಗಾಲು ಉರಿಯುತ್ತೆ. ಇವೆಲ್ಲ ಆದಮೇಲೆ "ಸಂಕಟ" ಅಂತ ಒಂದಿದೆ. ಅದು ಹೊಟ್ಟೆಯದ್ದೋ ಮನಸ್ಸಿನದ್ದೋ ಹೇಳೋಕಾಗಲ್ಲ, ಹೇಳೋರಿಗೂ ಗೊತ್ತಿರಲ್ಲ. ಹಾಗೇ "ತ್ರಾಣ ಇಲ್ಲ", "ಬಾಯಿಗೆ ರುಚಿ ಇಲ್ಲ", "ಯಾಕೋ ಏನೂ ಬೇಡ ಅನ್ಸುತ್ತೆ". ಹಳೇ ಡಾಕ್ಟರುಗಳು ಈ ಪದಗಳಿಂದಲೇ ಅರ್ಧ ಕಾಯಿಲೆ ಹಿಡೀತಿದ್ದರು. ಚಳುಕು ಅಂದವರಿಗೆ ಒಂದು ಮಾತ್ರೆ, ಉರಿ ಅಂದವರಿಗೆ ಇನ್ನೊಂದು.

ಆದರೆ ಆಸ್ಪತ್ರೆಯಲ್ಲಿ ಪುರುಸೊತ್ತು ಎಲ್ಲಿರುತ್ತೆ? 78 ಪದ ಓದಿ ಹೇಳ್ತಾ ಕೂತರೆ ಹೊರಗೆ ಎಂಬತ್ತು ಜನ ಕಾಯ್ತಿರ್ತಾರೆ. ಹಾಗಾಗಿ ಎಲ್ಲ ಪದಗಳನ್ನೂ ಹಿಂಡಿ ಒಂದು ಅಂಕಿ ಮಾಡಿದರು. ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ಊಹಿಸಿಕೊಳ್ಳೋಕಾಗೋ ಅತಿ ಕೆಟ್ಟ ನೋವು.

ಅತ್ತೆಯ ಮೊದಲ ಸಲದ ಕಥೆ ಕೇಳಿ. ಸಿಸ್ಟರ್ ಪಾಪ ಒಳ್ಳೆಯ ಹುಡುಗಿ, ಹಾಸನದ ಕಡೆಯವಳು. "ಅಮ್ಮಾ, ಹತ್ತಕ್ಕೆ ಎಷ್ಟು ನೋವಿದೆ?" ಅಂದಳು.

ಅತ್ತೆ ನನ್ನ ಮುಖ ನೋಡಿದರು. "ಹತ್ತಕ್ಕೆ ಅಂದ್ರೆ ಎಂಥದೋ?"

"ಈಗ ನೀವು ಊಹಿಸಿಕೊಳ್ಳೋ ದೊಡ್ಡ ನೋವು ಹತ್ತು ಅಂತ ಇಟ್ಕೊಳ್ಳಿ.."

"ದೊಡ್ಡ ನೋವು ಅಂದ್ರೆ, ನಿನ್ನ ಭಾವ ಹುಟ್ಟಿದಾಗ ಎರಡು ದಿನ ಆಯ್ತು ಮಾರಾಯ. ಹೊರಗೆ ಮಳೆ, ಹೊಳೆ ತುಂಬಿತ್ತು, ದೋಣಿ ಇರ್ಲಿಲ್ಲ. ಅದರ ಮುಂದೆ ಇದೆಂಥ ನೋವು? ಒಂದು ಅಂತ ಬರ್ಕೊಳ್ಳಿ."

ಸಿಸ್ಟರ್ ಒಂದು ಅಂತ ಬರಕೊಂಡಳು. ಆವತ್ತು ಬೆಳಗ್ಗೆ ಅತ್ತೆ ಆಟೋ ಇಳಿಯೋಕೆ ನನ್ನ ಭುಜ ಹಿಡಿದು ಐದು ನಿಮಿಷ ತಗೊಂಡಿದ್ದರು!

ಇದು ಅತ್ತೆಯೊಬ್ಬರ ಕಥೆ ಅಲ್ಲ. ಅಳತೆಗೋಲಿನ ಒಂದು ತುದಿ ಪ್ರತಿಯೊಬ್ಬರಲ್ಲೂ ಬೇರೆ ಬೇರೆ ಕಡೆ ಇರುತ್ತೆ. ನನಗೆ ಹತ್ತು ಅಂದರೆ ಹಲ್ಲು ಕೀಳಿಸಿದ ದಿನ. ಅತ್ತೆಗೆ ಹತ್ತು ಅಂದರೆ ತುಂಬಿದ ಹೊಳೆ. ಇಬ್ಬರೂ "ಮೂರು" ಅಂದರೆ ಅದು ಒಂದೇ ಮೂರು ಅಲ್ಲ. ಹಾಗಾಗಿ ಒಬ್ಬರ ಅಂಕಿಯನ್ನ ಇನ್ನೊಬ್ಬರ ಅಂಕಿಯ ಪಕ್ಕ ಇಡೋದಕ್ಕಿಂತ, ಅದೇ ಮನುಷ್ಯನ ಹೋದ ವಾರದ ಅಂಕಿಯ ಪಕ್ಕ ಇಟ್ಟು ನೋಡಿದರೆ ಏನಾದರೂ ತಿಳಿಯುತ್ತೆ.

ಇನ್ನೊಂದು ದಿನ ಮುಖದ ಚಿತ್ರಗಳನ್ನ ತೋರಿಸಿದರು. ನೀವೂ ನೋಡಿರ್ತೀರಿ, ನಗೋ ಮುಖದಿಂದ ಶುರುವಾಗಿ ಕಣ್ಣೀರು ಸುರಿಸೋ ಮುಖದವರೆಗೆ ಆರು ದುಂಡು ಮುಖಗಳು. ಅಮೆರಿಕದ ಡೊನಾ ವಾಂಗ್ ಮತ್ತು ಕಾನಿ ಬೇಕರ್ ಅನ್ನೋ ಇಬ್ಬರು 1980ರ ದಶಕದಲ್ಲಿ ಮಕ್ಕಳಿಗೋಸ್ಕರ ಮಾಡಿದ್ದು. ಅಂಕಿ ಗೊತ್ತಿಲ್ಲದ ಮಕ್ಕಳೂ ಬೆರಳಿಟ್ಟು ತೋರಿಸಬಹುದಲ್ಲ. ಅತ್ತೆ ಕನ್ನಡಕ ಹಾಕ್ಕೊಂಡು ನೋಡಿ, "ಈ ಕೊನೇದು ಅಳ್ತಾ ಇದೆ. ನಾನು ಎಲ್ಲಿ ಅತ್ತೆ? ಇದಲ್ಲ" ಅಂತ ಎರಡನೇ ಮುಖ ತೋರಿಸಿದರು. ತಮಾಷೆ ಅಂದರೆ, ಆ ಚಿತ್ರದ ಜೊತೆ ಓದಿ ಹೇಳಬೇಕಾದ ಸೂಚನೆಯಲ್ಲಿ, ಇಷ್ಟು ನೋವಿರೋಕೆ ಅಳಲೇಬೇಕು ಅಂತೇನಿಲ್ಲ ಅನ್ನೋ ಅರ್ಥದ ಮಾತೂ ಇದೆ. ಚಿತ್ರ ಗೋಡೆಗೆ ಬಂದಿದೆ, ಸೂಚನೆ ಬಂದಿಲ್ಲ.

ಆಮೇಲೆ ನಮ್ಮಲ್ಲಿ ಇನ್ನೊಂದು ವಿಶೇಷ ಇದೆಯಲ್ಲ. ರೋಗಿಯನ್ನ ಕೇಳಿದರೆ ಉತ್ತರ ಕೊಡೋರು ಮನೆಯವರು. ಭಾವ ಬಂದ ದಿನ "ಅಮ್ಮಂಗೆ ಈಗ ಆರಾಮು ಸಾರ್, ಮೂರು ಹಾಕಿ" ಅಂತ ಅವರೇ ಹೇಳಿಬಿಡ್ತಿದ್ದರು. ಸುಳ್ಳು ಹೇಳಬೇಕು ಅಂತಲ್ಲ. ಅಮ್ಮ ಆರಾಮಾಗಿರಲಿ ಅನ್ನೋ ಆಸೆಯೇ ಅವರ ಬಾಯಲ್ಲಿ ಅಂಕಿಯಾಗಿ ಬರ್ತಿತ್ತು. ಅತ್ತೆಗೆ ಮಗನ ಮುಂದೆ ಅದನ್ನ ತಿದ್ದೋಕೆ ಮನಸ್ಸಿಲ್ಲ. ತಾಯಿ ಮಗ ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡ್ತಿದ್ದರು, ಡಾಕ್ಟರಿಗೆ ಮಾತ್ರ ಏನೂ ಗೊತ್ತಾಗ್ತಿರಲಿಲ್ಲ.

ಒಂದು ಅಂಕಿಯಿಂದ ಆಗಲ್ಲ ಅಂತ ದೊಡ್ಡ ಪ್ರಶ್ನಾವಳಿಗಳೂ ಬಂದಿವೆ. ಯುರೋಪಿನ ಕ್ಯಾನ್ಸರ್ ಸಂಶೋಧಕರು 1993ರಲ್ಲಿ ಪ್ರಕಟಿಸಿದ ಕ್ಯೂಎಲ್‌ಕ್ಯೂ-ಸಿ30 ಅಂತ ಒಂದಿದೆ, ಅದರಲ್ಲಿ 30 ಪ್ರಶ್ನೆ. ಅತ್ತೆಗೆ ಅದನ್ನ ಕನ್ನಡದಲ್ಲೇ ಕೊಟ್ಟರು. ಓದಿ ಹೇಳಿದವನು ನಾನು. ಭಾರದ ಚೀಲ, ಸೂಟ್‌ಕೇಸ್ ಹೊರುವಂಥ ಕೆಲಸ ಮಾಡೋಕೆ ಕಷ್ಟ ಆಗುತ್ತಾ ಅನ್ನೋದು ಮೊದಲನೇ ಪ್ರಶ್ನೆಯ ತಾತ್ಪರ್ಯ. ಅತ್ತೆ ಸೂಟ್‌ಕೇಸ್ ಹೊತ್ತಿದ್ದೇ ಇಲ್ಲ. "ಬಾವಿಯಿಂದ ಎರಡು ಕೊಡ ನೀರು ತರೋಕಾಗುತ್ತಾ?" ಅಂತ ನಾನು ಬದಲಾಯಿಸಿ ಕೇಳಿದೆ. "ಈಗ ಮೋಟಾರು ಇದೆಯಲ್ಲೋ, ಯಾಕೆ ತರ್ಬೇಕು?" ಅಂದರು. ಏನು ಟಿಕ್ ಮಾಡಲಿ ಹೇಳಿ!

ಈ ತಾಪತ್ರಯ ನಮ್ಮ ಬೆಂಗಳೂರಿನವರಿಗೇ ಬಹಳ ಹಿಂದೆ ಹೊಳೆದಿತ್ತು ಅಂತ ಓದಿ ಖುಷಿಯಾಯ್ತು. ನಿಮ್ಹಾನ್ಸ್‌ನ ಡಾ. ಸಂತೋಷ್ ಚತುರ್ವೇದಿ 1991ರಲ್ಲಿ ಒಂದು ಲೇಖನ ಬರೆದರು. ಕ್ಯಾನ್ಸರ್ ವಿಷಯದಲ್ಲಿ ಜೀವನದ ಗುಣಮಟ್ಟ ಅಂದರೆ ಭಾರತದವರಿಗೆ ಯಾವುದು ಮುಖ್ಯ ಅನ್ನೋದು ಅದರ ವಿಷಯ. ಹೊರದೇಶದ ಪ್ರಶ್ನಾವಳಿಗಳಲ್ಲಿ ನಡೆಯೋದು, ಹತ್ತೋದು, ದುಡಿಯೋದು ಮುಂದೆ ಇದ್ದರೆ, ಇಲ್ಲಿನವರು ಮನಶ್ಶಾಂತಿ, ಮನೆಯವರ ಜೊತೆಗಿನ ಸಂತೋಷ, ಆಧ್ಯಾತ್ಮಿಕ ತೃಪ್ತಿಗೆ ದೊಡ್ಡ ಜಾಗ ಕೊಟ್ಟಿದ್ದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ತನ್ನದೇ 100 ಪ್ರಶ್ನೆಗಳ ಪಟ್ಟಿ ಮಾಡಿದಾಗ ಜಗತ್ತಿನ 15 ಕೇಂದ್ರಗಳಲ್ಲಿ ಒಟ್ಟಿಗೇ ಕೆಲಸ ನಡೀತು. ಅದರಲ್ಲಿ ದೆಹಲಿ, ಮದ್ರಾಸ್ ಎರಡೂ ಇದ್ದವು. ಒಂದು ಕಡೆ ಮಾಡಿ ಉಳಿದ ಕಡೆಗೆ ಅನುವಾದ ಮಾಡೋ ಬದಲು ಎಲ್ಲ ಕಡೆಯವರನ್ನೂ ಕೇಳಿಯೇ ಪ್ರಶ್ನೆ ಕಟ್ಟಿದರು. ನಂಬಿಕೆ, ಆಧ್ಯಾತ್ಮದ ಬಗ್ಗೆಯೂ ಅದರಲ್ಲಿ ಒಂದು ಭಾಗ ಇದೆ.

ಈಗ ನಾನು ಹೇಳಲೇಬೇಕು ಅಂತಿರೋ ವಿಷಯಕ್ಕೆ ಬರ್ತೀನಿ.

ಅತ್ತೆಗೆ ಕೀಮೋ ಶುರುವಾಗಿ ಎರಡು ತಿಂಗಳಾಗಿತ್ತು. ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಔಷಧಿ, ವಾರಕ್ಕೊಮ್ಮೆ. ಪ್ರತಿ ವಾರ ಅದೇ ಪ್ರಶ್ನೆ, ಅದೇ ಉತ್ತರ. ನೋವು? ಒಂದು. ವಾಂತಿ? ಇಲ್ಲ. ನಿದ್ರೆ? ಪರವಾಗಿಲ್ಲ. ರಕ್ತ ಪರೀಕ್ಷೆ ಸರಿಯಿದೆ, ಮುಂದಿನ ಡೋಸ್ ಕೊಡಿ.

ಒಂದು ದಿನ ಎಂದಿನ ಡಾಕ್ಟರ್ ರಜೆಯಲ್ಲಿದ್ದು ಬೇರೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಅವರು ಫಾರಂ ಪಕ್ಕಕ್ಕಿಟ್ಟು, "ಅಮ್ಮಾ, ಮನೇಲಿ ಹೊತ್ತು ಹೇಗೆ ಕಳೀತೀರ?" ಅಂತ ಕೇಳಿದರು.

"ಎಂಥ ಹೊತ್ತು ಕಳೆಯೋದು ಡಾಕ್ಟ್ರೇ. ಮೊದಲು ಸಂಜೆ ಅಬ್ಬಲಿಗೆ ದಂಡೆ ಕಟ್ತಿದ್ದೆ. ಈಗ ಅದೂ ಇಲ್ಲ."

"ಯಾಕೆ, ನೋವಾ?"

"ನೋವಿಲ್ಲ. ಬೆರಳಿಗೆ ಬಾಳೆನಾರು ಸಿಕ್ಕಿದ್ದೇ ಗೊತ್ತಾಗಲ್ಲ. ಗಂಟು ಬಿತ್ತಾ ಇಲ್ವಾ ಅಂತ ಕಣ್ಣಿಂದ ನೋಡ್ಕೋಬೇಕು. ಹೂವು ಉದುರಿ ಹೋಗ್ತವೆ."

ಡಾಕ್ಟರಮ್ಮ ಬರೆಯೋದು ನಿಲ್ಲಿಸಿದರು. ಅತ್ತೆಗೆ ಕಣ್ಣು ಮುಚ್ಚೋಕೆ ಹೇಳಿ ಬೆರಳ ತುದಿಗಳನ್ನ ಹತ್ತಿಯಿಂದ ಮುಟ್ಟಿ ನೋಡಿದರು. ರವಿಕೆಯ ಗುಂಡಿ ಹಾಕ್ಕೊಳ್ಳೋಕೆ ಆಗುತ್ತಾ, ರಾತ್ರಿ ಕತ್ತಲೆಯಲ್ಲಿ ನಡೆಯುವಾಗ ಕಾಲು ಸರಿಯಾಗಿ ಊರುತ್ತಾ ಅಂತ ಕೇಳಿದರು. ಎರಡಕ್ಕೂ ಉತ್ತರ ಇಲ್ಲ ಅಂತ. ಆ ಔಷಧಿ ನರಗಳ ತುದಿಯನ್ನ ಹಾಳು ಮಾಡುತ್ತೆ, ಹೀಗೇ ಮುಂದುವರಿಸಿದರೆ ಕೆಲವರಿಗೆ ವಾಪಸ್ ಸರಿ ಹೋಗೋದೇ ಇಲ್ಲ ಅಂತ ನಮಗೆ ವಿವರಿಸಿದರು. ಆವತ್ತಿನ ಡೋಸ್ ನಿಲ್ಲಿಸಿ, ಹಿರಿಯ ಡಾಕ್ಟರ ಹತ್ತಿರ ಫೋನಿನಲ್ಲಿ ಮಾತಾಡಿ, ಮುಂದಿನದ್ದನ್ನ ಕಡಿಮೆ ಮಾಡಿದರು.

ನೋಡಿ, ಎರಡು ತಿಂಗಳ ಎಲ್ಲ ಫಾರಂಗಳಲ್ಲೂ ಅತ್ತೆ ಒಂದೂ ಸುಳ್ಳು ಹೇಳಿರಲಿಲ್ಲ. ನೋವು ಇದೆಯಾ ಅಂತ ಕೇಳಿದರು, ಇದ್ದದ್ದು ಜೋಮು. ಆ 30 ಪ್ರಶ್ನೆಗಳಲ್ಲಿ ಜೋಮಿನ ಬಗ್ಗೆ ಪ್ರಶ್ನೆಯೇ ಇಲ್ಲ. ಅದಕ್ಕೆ ಅದೇ ಯುರೋಪಿನವರ ಬೇರೆಯದೇ 20 ಪ್ರಶ್ನೆಗಳ ಪಟ್ಟಿ ಇದೆ ಅಂತ ಆಮೇಲೆ ಓದಿದೆ, ಅದನ್ನ ನಮಗೆ ಯಾರೂ ಕೊಟ್ಟಿರಲಿಲ್ಲ. ದಂಡೆ ಕಟ್ಟೋ ವಿಷಯ ಬಾರದೇ ಹೋಗಿದ್ದರೆ ಇನ್ನೂ ಎಷ್ಟು ವಾರ "ಒಂದು, ಇಲ್ಲ, ಪರವಾಗಿಲ್ಲ" ಅಂತ ನಡೀತಿತ್ತೋ.

ಹಾಗಾದರೆ ಫಾರಂ ಎಲ್ಲ ದಂಡ, ಡಾಕ್ಟರುಗಳು ಸುಮ್ಮನೆ ಮಾತಾಡಿಸಿದರೆ ಸಾಕು ಅಂತೀರಾ? ಮೊದಲು ನನಗೂ ಹಾಗೇ ಅನಿಸಿತ್ತು. ಆದರೆ ಓದಿದ್ದು ಬೇರೆ ಕಥೆ ಹೇಳುತ್ತೆ.

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಡಾ. ಈಥನ್ ಬ್ಯಾಶ್ ಮತ್ತು ಸಂಗಡಿಗರು 766 ರೋಗಿಗಳನ್ನ ಎರಡು ಗುಂಪು ಮಾಡಿದರು. ಎಲ್ಲರಿಗೂ ಹರಡಿದ ಕ್ಯಾನ್ಸರ್, ಎಲ್ಲರಿಗೂ ಕೀಮೋ. ಒಂದು ಗುಂಪಿಗೆ ಎಂದಿನ ಹಾಗೆ ಚಿಕಿತ್ಸೆ. ಇನ್ನೊಂದು ಗುಂಪಿನವರು ಸುಸ್ತು, ವಾಂತಿ, ನೋವು, ಉಸಿರಾಟ, ಜೋಮು ಮುಂತಾದ 12 ತೊಂದರೆಗಳ ಬಗ್ಗೆ ತಾವೇ ಕಂಪ್ಯೂಟರಿನಲ್ಲಿ ಗುರುತು ಹಾಕಬೇಕು. ಯಾವುದಾದರೂ ಜೋರಾದರೆ ಅಥವಾ ಹೆಚ್ಚಾದರೆ ನರ್ಸಿಗೆ ತಕ್ಷಣ ಇಮೇಲ್ ಹೋಗುತ್ತೆ. 2017ರಲ್ಲಿ ಫಲಿತಾಂಶ ಬಂತು. ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ನಡುಮಟ್ಟದ ಆಯುಸ್ಸು 26 ತಿಂಗಳು. ಗುರುತು ಹಾಕಿದವರಲ್ಲಿ 31.2 ತಿಂಗಳು. ಹೊಸ ಔಷಧಿ ಏನೂ ಇಲ್ಲ, ಕೇಳಿದ್ದು, ಕೇಳಿ ಓಗೊಟ್ಟಿದ್ದು ಅಷ್ಟೇ!

ಪೂರ್ತಿ ಹೇಳಬೇಕಲ್ಲ, ಅದನ್ನೂ ಹೇಳ್ತೀನಿ. ಆಮೇಲೆ ಇದೇ ತಂಡ 52 ಕಡೆ ಇನ್ನೂ ದೊಡ್ಡದಾಗಿ ಈ ಪ್ರಯೋಗ ಮಾಡಿದಾಗ ಆಯುಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ರೋಗಿಗಳ ಓಡಾಟ ಸುಧಾರಿಸಿತ್ತು, ಎಮರ್ಜೆನ್ಸಿಗೆ ಓಡಿ ಬರೋದು ತಡವಾಗಿತ್ತು, ಕಾಯಿಲೆ ಸ್ವಲ್ಪ ತಮ್ಮ ಹತೋಟಿಯಲ್ಲಿದೆ ಅನ್ನೋ ಭಾವನೆ ಅವರಲ್ಲಿ ಬಂದಿತ್ತು. ಬದುಕಿದಷ್ಟು ದಿನ ಹೇಗೆ ಬದುಕಿದರು ಅನ್ನೋದೇ ಇಲ್ಲಿನ ಪ್ರಶ್ನೆ ಆಗಿರುವಾಗ ಅದೇನು ಸಣ್ಣ ಲಾಭವಲ್ಲ.

ನ್ಯೂಯಾರ್ಕಿನ ಫಾರಂಗೂ ಅತ್ತೆಯ ಫಾರಂಗೂ ವ್ಯತ್ಯಾಸ ಏನು ಅಂತ ಯೋಚಿಸಿದೆ. ಅಲ್ಲಿ ಗುರುತು ಹಾಕಿದ ಕೂಡಲೇ ಅದನ್ನ ಓದೋಕೆ ಒಬ್ಬ ಮನುಷ್ಯೆ ಇದ್ದಳು. ಬಹುಪಾಲು ಸಲ ಆ ನರ್ಸ್ ಫೋನ್ ಮಾಡ್ತಿದ್ದಳು, ಮಾತ್ರೆ ಬದಲಾಯಿಸಿ ಕೊಡಿಸ್ತಿದ್ದಳು. ಇಲ್ಲಿ ಫಾರಂ ಹೋಗಿ ಫೈಲಿಗೆ ಸೇರ್ತಿತ್ತು. ಒಂದು ಸಲ ನಾನು ಕೌಂಟರಿನಲ್ಲಿ "ಇದನ್ನ ಯಾರು ನೋಡ್ತಾರೆ?" ಅಂತ ಕೇಳಿದ್ದಕ್ಕೆ, "ಆಡಿಟ್ ಬಂದಾಗ ಬೇಕಾಗುತ್ತೆ ಸಾರ್" ಅಂದರು. ಅಲ್ಲಿಗೆ ಮುಗೀತು. ಅಳತೆಯ ಬೆಲೆ ಎಲ್ಲ ಇರೋದು ಅಳೆದ ಮೇಲೆ ಯಾರು ಏನು ಮಾಡ್ತಾರೆ ಅನ್ನೋದರಲ್ಲಿ. ಓದೋರಿಲ್ಲದ ಅಂಕಿ ರೋಗಿಗಲ್ಲ, ಫೈಲಿಗೆ ಮಾತ್ರ ಕ್ಷೇಮ.

ಅಂಕಿಯನ್ನ ಅತಿಯಾಗಿ ನಂಬಿದರೂ ಕಷ್ಟವೇ. ಅಮೆರಿಕದಲ್ಲಿ 1990ರ ದಶಕದ ಕೊನೆಗೆ ನಾಡಿ, ಉಸಿರು, ಬಿಪಿ, ಜ್ವರದ ಜೊತೆ ನೋವನ್ನೂ ಐದನೆಯದಾಗಿ ಪ್ರತಿ ಸಲ ಬರೆಯಬೇಕು ಅನ್ನೋ ಚಳವಳಿ ನಡೀತು. ಉದ್ದೇಶ ಒಳ್ಳೆಯದೇ, ಎಷ್ಟೋ ಜನ ಸುಮ್ಮನೆ ನರಳ್ತಿದ್ದರು. ಆದರೆ ಅಂಕಿ ಇಳಿಸೋದೇ ಗುರಿಯಾಗಿಬಿಟ್ಟಾಗ, ಇಳಿಸೋಕೆ ಸುಲಭದ ದಾರಿ ಅಫೀಮಿನ ಜಾತಿಯ ಮಾತ್ರೆ. ಕಂಪನಿಗಳ ಪ್ರಚಾರವೂ ಸೇರಿಕೊಂಡು ಅದು ಅಲ್ಲಿ ದೊಡ್ಡ ವ್ಯಸನದ ಪಿಡುಗಾಯ್ತು. ಈ "ಐದನೆಯದು" ಅನ್ನೋದನ್ನ ಕೈಬಿಡಿ ಅಂತ 2016ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನೇ ಹೇಳ್ತು.

ನಮ್ಮಲ್ಲಿ ಆಗಿದ್ದು ಇದಕ್ಕೆ ಪೂರ್ತಿ ಉಲ್ಟಾ. ಕಾನೂನುಬದ್ಧವಾಗಿ ಅಫೀಮು ಬೆಳೆದು ಔಷಧಿಗೆ ಅಂತ ಹೊರಗೆ ಕಳಿಸೋ ದೇಶ ನಮ್ಮದು. ಆದರೆ 1985ರಲ್ಲಿ ಮಾದಕ ವಸ್ತುಗಳ ಕಾನೂನು ಬಂದ ಮೇಲೆ ಲೈಸೆನ್ಸುಗಳ ತಾಪತ್ರಯಕ್ಕೆ ಹೆದರಿ ಆಸ್ಪತ್ರೆಗಳು ಮಾರ್ಫಿನ್ ಇಡೋದನ್ನೇ ಬಿಟ್ಟವು. ವರ್ಷಕ್ಕೆ 500 ಕಿಲೋಗೂ ಹೆಚ್ಚಿದ್ದ ಬಳಕೆ 1997ರ ಹೊತ್ತಿಗೆ 18 ಕಿಲೋಗೆ ಇಳಿದಿತ್ತು. ಇಡೀ ದೇಶಕ್ಕೆ! ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಅಂಥವರು ವರ್ಷಗಟ್ಟಲೆ ಬೆನ್ನು ಹತ್ತಿ, 2014ರಲ್ಲಿ ಕಾನೂನು ತಿದ್ದುಪಡಿ ಆಯ್ತು. ಅಂದರೆ ಎಷ್ಟೋ ಕಾಲ ನಮ್ಮ ಬಹುಪಾಲು ಆಸ್ಪತ್ರೆಗಳಲ್ಲಿ ರೋಗಿ ಹತ್ತಕ್ಕೆ ಹತ್ತು ಅಂದರೂ ಕೊಡೋಕೆ ಏನೂ ಇರಲಿಲ್ಲ. ಕೊಡೋಕೆ ಏನೂ ಇಲ್ಲದಾಗ ಕೇಳೋದನ್ನೇ ಬಿಟ್ಟುಬಿಡ್ತೀವೇನೋ. ನಮ್ಮಲ್ಲಿ ನೋವಿನ ಬಗ್ಗೆ ಕೇಳೋ ರೂಢಿ ಕಡಿಮೆ ಇರೋದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಅನಿಸಿಕೆ.

ಅತ್ತೆಯ ಕಾಯಿಲೆ ಎರಡನೇ ವರ್ಷ ಮೂಳೆಗೆ ಹರಡಿತು. ಆಗ ಅವರಿಗೆ ಮಾರ್ಫಿನ್ ಮಾತ್ರೆ ಸಿಕ್ಕಿತು, ಅದಕ್ಕೆ ನಾನು ಋಣಿ. ಊರಿಗೆ ವಾಪಸ್ ಹೋದರು. ಹೋಗೋ ಮುಂಚೆ ಕೊನೇ ಸಲ ಆ 30 ಪ್ರಶ್ನೆಗಳನ್ನ ಓದಿ ಹೇಳಿದೆ. ಕೊನೆಯ ಪ್ರಶ್ನೆ, ಈ ವಾರ ಒಟ್ಟಾರೆ ನಿಮ್ಮ ಜೀವನದ ಗುಣಮಟ್ಟ ಹೇಗಿತ್ತು, ಒಂದರಿಂದ ಏಳರಲ್ಲಿ ಹೇಳಿ ಅಂತ. ಮೊದಲ ವರ್ಷ, ನಡೆದಾಡಿಕೊಂಡು ಇದ್ದಾಗ, ಅತ್ತೆ ಮೂರು ಅಂದಿದ್ದರು. ಈಗ ಹಾಸಿಗೆಯಿಂದ ಏಳೋಕೆ ಇಬ್ಬರು ಬೇಕು. "ಆರು" ಅಂದರು.

ಭಾವ "ಅಮ್ಮಂಗೆ ಪ್ರಶ್ನೆ ಅರ್ಥ ಆಗಿಲ್ಲ, ಇನ್ನೊಂದು ಸಲ ಕೇಳು" ಅಂದರು. ಅತ್ತೆ ನಕ್ಕರು. "ಅರ್ಥ ಆಗಿದೆಯೋ. ಮೂರು ಹೊತ್ತೂ ನೀವೆಲ್ಲ ಸುತ್ತ ಇದೀರಿ. ನೋವು ತಡೀಬಹುದು. ಇನ್ನು ಸೂಜಿ ಚುಚ್ಚಲ್ಲ, ಮನೆಗೆ ಹೋಗ್ತೀನಿ. ಆರು ಬೇಡ್ವಾ?"

ಇದನ್ನ ಸಂಶೋಧಕರೂ ನೋಡಿದಾರೆ. 1999ರಲ್ಲಿ ಸ್ಪ್ರಾಂಗರ್ಸ್ ಮತ್ತು ಶ್ವಾರ್ಟ್ಜ್ ಅನ್ನೋರು ಇದಕ್ಕೆ ರೆಸ್ಪಾನ್ಸ್ ಶಿಫ್ಟ್ ಅನ್ನೋ ಹೆಸರಿನಲ್ಲಿ ಒಂದು ವಿವರಣೆ ಕೊಟ್ಟರು. ಕಾಯಿಲೆ ಮನುಷ್ಯನ ದೇಹವನ್ನ ಬದಲಾಯಿಸೋ ಹಾಗೆ, ಅವನ ಒಳಗಿನ ಅಳತೆಗೋಲನ್ನೂ ಬದಲಾಯಿಸುತ್ತೆ, ಯಾವುದು ಮುಖ್ಯ ಅನ್ನೋದೇ ಸ್ಥಳಾಂತರವಾಗುತ್ತೆ. ಅದೇ ವರ್ಷ ಆಲ್ಬ್ರೆಕ್ಟ್ ಮತ್ತು ಡೆವ್ಲೀಗರ್ ಗಂಭೀರ ಅಂಗವೈಕಲ್ಯ ಇರೋರನ್ನ ಮಾತಾಡಿಸಿದಾಗ, ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಬದುಕು ಚೆನ್ನಾಗಿದೆ ಅಂತಲೇ ಹೇಳಿದ್ದರು. ಹೊರಗಿನಿಂದ ನೋಡೋರಿಗೆ ಇದು ಲೆಕ್ಕ ತಪ್ಪಿದ ಹಾಗೆ ಕಾಣುತ್ತೆ. ಕರ್ನಾಫ್ಸ್ಕಿ ಮೆಟ್ಟಿಲಿನಲ್ಲಿ ಆವತ್ತು ಅತ್ತೆ ನೂರಕ್ಕೆ ನಲವತ್ತು ಇದ್ದಿರಬಹುದು. ಅತ್ತೆಯದೇ ಮೆಟ್ಟಿಲಿನಲ್ಲಿ ಏಳಕ್ಕೆ ಆರು. ಎರಡೂ ನಿಜವೇ. ಆದರೆ ಔಷಧಿ ಮುಂದುವರಿಸೋದಾ ನಿಲ್ಲಿಸೋದಾ, ಊರಿಗೆ ಕರಕೊಂಡು ಹೋಗೋದಾ ಇಲ್ಲೇ ಇಡೋದಾ ಅಂತ ತೀರ್ಮಾನ ಮಾಡುವಾಗ ಎರಡನೆಯದನ್ನ ಯಾರಾದರೂ ಗಟ್ಟಿಯಾಗಿ ಹೇಳಬೇಕು. ಆವತ್ತು ಅದನ್ನ ಫಾರಂ ಹೇಳಿತು. ಭಾವ ಆಮೇಲೆ ಇನ್ನೊಂದು ಕೀಮೋ ಮಾಡಿಸೋ ಮಾತೆತ್ತಲಿಲ್ಲ. ಫಾರಂಗೆ ನಾನು ಕೊಡೋ ಮರ್ಯಾದೆ ಅದಕ್ಕೇ.

ಅತ್ತೆ ಊರಿನಲ್ಲಿ ನಾಲ್ಕು ತಿಂಗಳು ಇದ್ದರು. ಮಳೆಗಾಲಕ್ಕೆ ಮುಂಚೆ ಹೋದರು.

ಮನೆಯಲ್ಲಿ ಯಾರಿಗಾದರೂ ದೀರ್ಘ ಚಿಕಿತ್ಸೆ ನಡೀತಿದ್ದರೆ, ಕಲಿತ ಎರಡು ಮಾತು ಹೇಳ್ತೀನಿ, ಉಪದೇಶ ಅಂದುಕೋಬೇಡಿ. ಒಂದು, ಅವರಿಗೆ ದಿನಾ ಮಾಡೋಕೆ ಇಷ್ಟವಾದ ಒಂದು ಸಣ್ಣ ಕೆಲಸ ಯಾವುದು ಅಂತ ಕೇಳಿಟ್ಟುಕೊಳ್ಳಿ. ಪೇಪರ್ ಓದೋದು, ರಂಗೋಲಿ ಹಾಕೋದು, ವೀಳ್ಯದೆಲೆಗೆ ಸುಣ್ಣ ಹಚ್ಚಿಕೊಳ್ಳೋದು, ಏನೇ ಇರಲಿ. ಅದನ್ನ ಮಾಡೋಕಾಗ್ತಿಲ್ಲ ಅಂದ ದಿನ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ. ಎರಡು, ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಅವರ ಬಾಯಲ್ಲಿ ಬಂದ ಪದವನ್ನೇ ತಾರೀಖು ಹಾಕಿ ಬರೆದಿಡಿ. "ನೋವು 4" ಅಂತಲ್ಲ, "ಬಲಗಾಲು ಸೆಳೀತಿದೆ, ಅಂಗಾಲು ಉರಿ" ಅಂತ. ಡಾಕ್ಟರಿಗೆ ಹತ್ತಕ್ಕೆ ಎಷ್ಟು ಅಂತ ಬೇಕಿದ್ದರೆ ಆಮೇಲೆ ಕೂಡಿಸಿ ಹೇಳಬಹುದು.

ಅಂದ ಹಾಗೆ, ಕನ್ನಡದ ನೋವಿನ ಪದಗಳ ನನ್ನ ಪಟ್ಟಿ ನಲವತ್ತರ ಹತ್ತಿರ ಬಂದು ನಿಂತಿದೆ. ಮೆಕ್‌ಗಿಲ್‌ನವರ 78ನ್ನ ದಾಟಬೇಕು ಅಂತ ಆಸೆ. ಧಾರವಾಡ, ಕಲಬುರಗಿ, ಮಂಗಳೂರು, ಕುಂದಾಪುರ, ಚಾಮರಾಜನಗರ.. ನಿಮ್ಮ ಕಡೆ ನೋವಿಗೆ, ಸುಸ್ತಿಗೆ, ಸಂಕಟಕ್ಕೆ ಏನೇನು ಅಂತಾರೆ? ಕಾಮೆಂಟಿನಲ್ಲಿ ಬರೆದು ಹೋಗಿ. ಯಾವ ಊರಿನ ಪದ ಅಂತಲೂ ಹಾಕಿ. ಎಲ್ಲ ಸೇರಿದ ಮೇಲೆ ಒಂದು ಪ್ರತಿ ಮಾಡಿ ಆ ಡಾಕ್ಟರಮ್ಮನಿಗೆ ಕೊಟ್ಟು ಬರ್ತೀನಿ.